ಪದಕ್ಕೆಷ್ಟು, ಅಕ್ಷರಕ್ಕೆಷ್ಟು?

ಮುಂಬಯಿಯಲ್ಲಿ ಕನ್ನಡ ಓದಿ ಬರೆಯಬಲ್ಲವರಿಗೆ ಒಂದು ಸಣ್ಣ ಕೈಗಾಸಿನ ದಾರಿ ಇದೆ: ಅನುವಾದ. ಬ್ಯಾಂಕು, ವಿಮೆ, ಮ್ಯೂಚುವಲ್ ಫಂಡು, ಜಾಹೀರಾತು ಇವುಗಳ ದೊಡ್ಡ ಕಚೇರಿಗಳು ಈ ಊರಲ್ಲೇ ಇವೆ. ಅವರ ಅರ್ಜಿ, ಕರಪತ್ರ, ಜಾಹೀರಾತುಗಳು ಕರ್ನಾಟಕಕ್ಕೆ ಹೋಗುವ ಮೊದಲು ಡೊಂಬಿವಲಿಯಲ್ಲೋ ಮೀರಾ ರೋಡಿನಲ್ಲೋ ಕೂತ ಯಾರದೋ ಕೈಯಲ್ಲಿ ಕನ್ನಡವಾಗುತ್ತವೆ. ಸಂಭಾವನೆ ಸಾಮಾನ್ಯವಾಗಿ ಪದದ ಲೆಕ್ಕದಲ್ಲಿ. ಇಂಗ್ಲಿಷ್ ಪದಗಳನ್ನು ಎಣಿಸುತ್ತಾರೋ ಕನ್ನಡ ಪದಗಳನ್ನೋ ಎಂದು ಕೇಳದೆ ಒಪ್ಪಿಕೊಳ್ಳುವವರೇ ಹೆಚ್ಚು. ಹಾಗಾಗಿ ಈ ಸಲ ಎಣಿಸುವ ಉಪಕರಣದ ಬಗ್ಗೆಯೇ ಬರೆಯುತ್ತೇನೆ.

ಅದರ ಹೆಸರು ‘ಡಬ್ಲ್ಯೂಸಿ’. ಚಾಳಿನಲ್ಲಿ ಬೆಳೆದವರು ನಗಬೇಡಿ, ಅದು ‘ವರ್ಡ್ ಕೌಂಟ್’ ಎಂಬುದರ ಹ್ರಸ್ವರೂಪ. 1971ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಯುನಿಕ್ಸ್‌ನ ಮೊದಲ ಆವೃತ್ತಿಯ ಜೊತೆಗೇ ಬಂತು. ಬರೆದವರು ಜೋ ಒಸಾನ್ನಾ. ಆಗ ಯುನಿಕ್ಸ್ ಬಳಗಕ್ಕೆ ಹೊಸ ಯಂತ್ರ ಕೊಡಿಸಿದ್ದೇ ಬರವಣಿಗೆಯ ಕೆಲಸ. ಸಂಸ್ಥೆಯ ಪೇಟೆಂಟ್ ವಿಭಾಗದವರಿಗೆ ಸಾಲಿಗೆ ಸಾಲು ನಂಬರು ಹಾಕಿದ ಅರ್ಜಿಗಳು ಬೇಕಿದ್ದವು. ಸಾಲು, ಪದ ಎಣಿಸುವ ಹುಕಿ ಗಣಿತಜ್ಞರಿಗೆ ಬಂದದ್ದು ಟೈಪಿಸ್ಟರಿಂದ ಎನ್ನಿ.

ಬಳಸುವುದು ಸುಲಭ. ಆಪಲ್ ಕಂಪ್ಯೂಟರಿನಲ್ಲಿ ‘ಟರ್ಮಿನಲ್’ ತೆರೆಯಿರಿ. ಇಂಗ್ಲಿಷಿನ ಸಣ್ಣ ಅಕ್ಷರದಲ್ಲಿ ಡಬ್ಲ್ಯೂ, ಸಿ ಟೈಪಿಸಿ, ಒಂದು ಜಾಗ ಬಿಟ್ಟು, ಫೈಲನ್ನು ಎಳೆದು ತಂದು ಆ ಕಿಟಕಿಯ ಮೇಲೆ ಬಿಡಿ, ಎಂಟರ್ ಒತ್ತಿ. ಲಿನಕ್ಸ್‌ನಲ್ಲೂ ಇದೇ ಆಜ್ಞೆ. ವಿಂಡೋಸ್‌ನವರು ಡಬ್ಲ್ಯೂಎಸ್ಎಲ್ ಹಾಕಿಕೊಳ್ಳಬೇಕು. ಆಂಡ್ರಾಯ್ಡ್ ಫೋನಿನಲ್ಲಿ ಟರ್ಮಕ್ಸ್ ಎಂಬ ಆ್ಯಪ್ ಸಾಕು. ಮೂರು ಅಂಕೆಗಳು ಬರುತ್ತವೆ: ಮೊದಲು ಸಾಲು, ಆಮೇಲೆ ಪದ, ಕೊನೆಗೆ ಬೈಟ್. ಒಂದೇ ಅಂಕೆ ಬೇಕಾದರೆ ನಡುವೆ ಅಡ್ಡಗೆರೆಯೊಂದಿಗೆ ಎಲ್ ಹಾಕಿದರೆ ಸಾಲು, ಡಬ್ಲ್ಯೂ ಹಾಕಿದರೆ ಪದ, ಸಿ ಹಾಕಿದರೆ ಬೈಟ್, ಎಂ ಹಾಕಿದರೆ ಅಕ್ಷರಸಂಕೇತ. ಫೈಲು ಮಾತ್ರ ಸಾದಾ ಟೆಕ್ಸ್ಟ್ ಆಗಿರಬೇಕು. ವರ್ಡ್‌ನ ಡಾಕ್ಸ್ ಫೈಲು ಒಳಗೆ ಗಂಟು ಕಟ್ಟಿದ ಮೂಟೆ. ಅದನ್ನು ಕೊಟ್ಟರೂ ಡಬ್ಲ್ಯೂಸಿ ಏನೋ ಒಂದು ಅಂಕೆ ಕೊಡುತ್ತದೆ, ಅದಕ್ಕೆ ಅರ್ಥವಿಲ್ಲ.

ಈ ಯಂತ್ರಕ್ಕೆ ಪದ ಎಂದರೆ ಎರಡು ಖಾಲಿ ಜಾಗಗಳ ನಡುವೆ ಇರುವುದು, ಅಷ್ಟೇ. ವ್ಯಾಕರಣ ಗೊತ್ತಿಲ್ಲ. ನಮ್ಮಲ್ಲಿ ಕೆಲವರಿಗೆ ಅಲ್ಪವಿರಾಮದ ಹಿಂದೆಯೂ ಜಾಗ ಬಿಡುವ ಅಭ್ಯಾಸ ಉಂಟು. ಆಗ ಆ ಒಂಟಿ ಅಲ್ಪವಿರಾಮವೂ ಒಂದು ಪದವೇ! ಅಂಥವರ ಲೇಖನ ಕಾರಣವಿಲ್ಲದೆ ಉದ್ದವಾಗುತ್ತದೆ. ಸಂಘದ ಸದಸ್ಯರ ಪಟ್ಟಿಯನ್ನು ಸಾಲಿನ ಲೆಕ್ಕದಲ್ಲಿ ಎಣಿಸುವವರಿಗೂ ಒಂದು ಎಚ್ಚರಿಕೆ: ಡಬ್ಲ್ಯೂಸಿ ಎಣಿಸುವುದು ಸಾಲನ್ನಲ್ಲ, ಸಾಲು ಮುಗಿಸುವ ಎಂಟರನ್ನು. ಕೊನೆಯ ಹೆಸರಿನ ನಂತರ ಎಂಟರ್ ಇಲ್ಲದಿದ್ದರೆ ಒಬ್ಬರು ಕಡಿಮೆ. ಚಾಳು, ರೂಮ್ ನಂಬರು, ರಸ್ತೆ ಎಂದು ವಿಳಾಸವನ್ನು ಮೂರು ಸಾಲು ಮಾಡಿದ್ದರೆ ಒಬ್ಬರೇ ಮೂವರಾಗುತ್ತಾರೆ.

ಈಗ ಕನ್ನಡದ ತೊಡಕಿಗೆ ಬರೋಣ. ‘ಮುಂಬಯಿಯಲ್ಲಿರುವವರಿಗೆ’ ಎಂದು ಬರೆದರೆ ಒಂದು ಪದ. ಅದನ್ನೇ ಇಂಗ್ಲಿಷಿನಲ್ಲಿ ‘ಟು ದೋಸ್ ಹೂ ಆರ್ ಇನ್ ಮುಂಬೈ’ ಎಂದರೆ ಆರು. ‘ಬರಲಿಲ್ಲ’ ಎಂದರೆ ನಮ್ಮಲ್ಲಿ ಒಂದು. ಪಕ್ಕದ ಮನೆಯ ಮರಾಠಿಯವರು ‘ಆಲೋ ನಾಹೀ’ ಎಂದು ಎರಡು ಮಾಡುತ್ತಾರೆ. ವಿಭಕ್ತಿ, ಸಂಧಿ, ಸಮಾಸ ಎಲ್ಲ ಸೇರಿ ಕನ್ನಡದ ಪದ ಉದ್ದವಾಗುತ್ತದೆ, ಪದಗಳ ಸಂಖ್ಯೆ ಇಳಿಯುತ್ತದೆ. 500 ಪದಗಳ ಇಂಗ್ಲಿಷ್ ಕರಪತ್ರ ಕನ್ನಡದಲ್ಲಿ 350 ಪದ ಆಯಿತು ಎಂದಿಟ್ಟುಕೊಳ್ಳಿ. ದರ ಪದಕ್ಕೆ 1 ರೂಪಾಯಿ ಆದರೆ, ಕನ್ನಡ ಪದ ಎಣಿಸಿ ಕೊಡುವವರ ಬಳಿ 150 ರೂಪಾಯಿ ಉಳಿಯಿತು. ಚೆನ್ನಾಗಿ ಸಂಧಿ ಮಾಡಿ ಬಿಗಿಯಾಗಿ ಬರೆದವರಿಗೇ ಕಡಿಮೆ ಹಣ, ಪದ ಒಡೆದು ಹರಡಿದವರಿಗೆ ಜಾಸ್ತಿ. ಇದು ನ್ಯಾಯವಲ್ಲ ಎನ್ನಲು ಭಾಷಾವಿಜ್ಞಾನ ಓದಬೇಕಿಲ್ಲ.

ಹಾಗಾದರೆ ಬೈಟ್ ಎಣಿಸೋಣವೇ? ಅದು ಮತ್ತೊಂದು ತುದಿ. ‘ಮುಂಬಯಿ’ ಎಂಬುದನ್ನು ಕಣ್ಣಿನಿಂದ ಎಣಿಸಿದರೆ ಮೂರು ಅಕ್ಷರ. ಯುನಿಕೋಡಿನಲ್ಲಿ ಮ, ಉಕಾರದ ಗುರುತು, ಸೊನ್ನೆ, ಬ, ಯ, ಇಕಾರದ ಗುರುತು ಎಂದು ಆರು ಸಂಕೇತ. ಡಬ್ಲ್ಯೂಸಿ ಹೇಳುವ ಬೈಟ್ 18, ಕೊನೆಗೆ ಎಂಟರ್ ಒತ್ತಿದ್ದರೆ 19. ಕಾರಣ ಯುಟಿಎಫ್-8 ಎಂಬ ಬರೆಯುವ ಕ್ರಮ. 1992ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ನ್ಯೂಜೆರ್ಸಿಯ ಒಂದು ಹೋಟೆಲಿನಲ್ಲಿ ಊಟದ ತಟ್ಟೆಯ ಕೆಳಗಿನ ಕಾಗದದ ಮೇಲೆ ಇದನ್ನು ರೂಪಿಸಿದರು. ಇಂಗ್ಲಿಷಿನ ಅಕ್ಷರಕ್ಕೆ ಅದರಲ್ಲಿ ಒಂದು ಬೈಟ್, ಕನ್ನಡದ ಪ್ರತಿ ಸಂಕೇತಕ್ಕೆ ಮೂರು. ಬೈಟ್ ಲೆಕ್ಕದಲ್ಲಿ ಹಣ ಕೇಳಿದರೆ ಯಾರೂ ಕೊಡಲಾರರು.

ನಮ್ಮ ಹಳಬರು ಪದ ಎಣಿಸುತ್ತಿರಲಿಲ್ಲ. ಭಾಮಿನಿ ಷಟ್ಪದಿಯ ಒಂದು ಪದ್ಯಕ್ಕೆ 102 ಮಾತ್ರೆ ಎಂಬುದು ಯಕ್ಷಗಾನದವರಿಗೂ ಗಮಕಿಗಳಿಗೂ ಗೊತ್ತು. ಓಲೆಗರಿ ನಕಲು ಮಾಡುವ ಲಿಪಿಕಾರರಿಗೆ 32 ಅಕ್ಷರ ಸೇರಿದರೆ ಒಂದು ‘ಗ್ರಂಥ’. ಪುಸ್ತಕದ ಗಾತ್ರ ಹೇಳುವುದೂ ಕೂಲಿ ಕೊಡುವುದೂ ಆ ಲೆಕ್ಕದಲ್ಲೇ.

ಅದಕ್ಕೆ ಹತ್ತಿರದ್ದು ಡಬ್ಲ್ಯೂಸಿಯ ಎಂ ಲೆಕ್ಕ. ‘ಸ್ತ್ರೀ’ ಎನ್ನಲು ಮುಂಬಯಿಯಲ್ಲಿ ವರ್ಷಗಟ್ಟಲೆ ದುಡಿದ ಕೆ.ಪಿ. ರಾವ್ ಅವರ ಕೀಲಿಮಣೆಯಲ್ಲಿ ಆರು ಕೀಲಿ ಒತ್ತುತ್ತೇವೆ: ಸ, ಕೊಂಡಿ, ತ, ಕೊಂಡಿ, ರ, ಈ. ಯುನಿಕೋಡಿನಲ್ಲೂ ಆರೇ ಸಂಕೇತ, ಎಂ ಹಾಕಿದರೆ ಸಿಗುವುದೂ ಆರೇ. ಬೆರಳಿನ ದುಡಿಮೆಗೂ ಅಂಕೆಗೂ ಹೊಂದಿಕೆ ಇದೆ. ನುಡಿ, ಬರಹದ ಹಳೆಯ ಫಾಂಟಿನಲ್ಲಿ ಟೈಪಿಸಿದ ಫೈಲಿಗೆ ಈ ಮಾತು ಹೊಂದುವುದಿಲ್ಲ. ಅಲ್ಲಿ ಅಕ್ಷರದ ಚೂರುಗಳು ಇಂಗ್ಲಿಷ್ ಸಂಕೇತಗಳ ವೇಷದಲ್ಲಿರುತ್ತವೆ, ಮೊದಲು ಯುನಿಕೋಡಿಗೆ ಬದಲಿಸಿಕೊಳ್ಳಿ. ಎಂ ಹಾಕಿದರೂ ಬೈಟಿನಷ್ಟೇ ಅಂಕೆ ಬಂದರೆ, ನಿಮ್ಮ ಯಂತ್ರದ ಭಾಷಾ ಆಯ್ಕೆ ಯುಟಿಎಫ್-8ಕ್ಕೆ ಹೊಂದಿಕೊಂಡಿಲ್ಲ ಎಂದರ್ಥ.

ಅನುವಾದ ಒಪ್ಪಿಕೊಳ್ಳುವವರು ಒಂದನ್ನು ಮಾತ್ರ ಮೊದಲೇ ಬರಹದಲ್ಲಿ ತೆಗೆದುಕೊಳ್ಳಿ: ದರ ಮೂಲದ ಇಂಗ್ಲಿಷ್ ಪದಕ್ಕೋ, ಕನ್ನಡದ ಪದಕ್ಕೋ. ಕನ್ನಡದ್ದೇ ಎಂದು ಹಟ ಹಿಡಿದರೆ ಅಕ್ಷರಸಂಕೇತದ ದರ ಕೇಳಿ. ಅವರು ಕೊಟ್ಟ ಮೂಲ ಫೈಲನ್ನು ಅಂದೇ ಎಣಿಸಿ, ಆ ಅಂಕೆಯನ್ನು ಮರುಪತ್ರದಲ್ಲಿ ಬರೆದು ಕಳಿಸಿ, ಆಮೇಲೆ ಕೆಲಸ ಶುರು ಮಾಡಿ.