ಬಾಡಿಗೆ ಕಾರಿನಲ್ಲಿ ಮನುಷ್ಯರನ್ನು ತೋರಿಸುವುದು ನಿಲ್ಲಲಿ

ಗೆ,
ಅಂಡಮಾನ್ ದ್ವೀಪಗಳಲ್ಲಿ ಪ್ರವಾಸೋದ್ಯಮ, ಸಾರಿಗೆ ಹಾಗೂ ಬುಡಕಟ್ಟು ಕಲ್ಯಾಣದ ಹೊಣೆ ಹೊತ್ತ ಅಧಿಕಾರಿಗಳಿಗೆ,
ಮತ್ತು ಆ ದ್ವೀಪಗಳಿಗೆ ಹೊರಟಿರುವ ಕನ್ನಡಿಗರಿಗೆ,

ವಿಷಯ: ಬಾರಾಟಾಂಗ್‌ಗೆ ಒಂದು ದಿನದ ಬಾಡಿಗೆ ಕಾರಿನ ಪ್ರವಾಸ, ಆ ದಾರಿಯಲ್ಲಿರುವ ಜರವಾ ಜನರ ಕಾಡು ಮತ್ತು ಚಾಲಕರ ಪಾಡು.

ಮಾನ್ಯರೇ,

ಅಂಡಮಾನಿಗೆ ಹೋದವರು ಚಾಲಕನ ಸಮೇತ ಕಾರೊಂದನ್ನು ದಿನದ ಲೆಕ್ಕದಲ್ಲಿ ಗೊತ್ತುಮಾಡಿಕೊಂಡು ಸುತ್ತುವುದು ರೂಢಿ. ಸೆಲ್ಯುಲರ್ ಜೈಲು, ಚಿಡಿಯಾ ಟಾಪು, ವಂಡೂರಿನ ಸಾಗರ ಉದ್ಯಾನ, ಎಲ್ಲಿಗೆ ಹೋದರೂ ಅದೇ ಕಾರು, ಅದೇ ಚಾಲಕ. ಅಲ್ಲಿನವರಿಗೆ ದುಡಿಮೆ, ನಮಗೆ ಅನುಕೂಲ. ಅದರ ಬಗ್ಗೆ ನನ್ನದೇನೂ ತಕರಾರಿಲ್ಲ. ತಕರಾರಿರುವುದು ಬಾಡಿಗೆ ಪಟ್ಟಿಯ ಒಂದೇ ಒಂದು ದಿನದ ಬಗ್ಗೆ. 2024ರವರೆಗೆ ಪೋರ್ಟ್ ಬ್ಲೇರ್ ಎನಿಸಿಕೊಂಡಿದ್ದ ಶ್ರೀ ವಿಜಯಪುರಂನಿಂದ ಸುಮಾರು 100 ಕಿಲೋಮೀಟರ್ ದೂರದ ಬಾರಾಟಾಂಗ್ ದ್ವೀಪಕ್ಕೆ ಹೋಗಿಬರುವ ದಿನ ಅದು.

ಬಾರಾಟಾಂಗ್‌ನಲ್ಲಿ ಸುಣ್ಣಕಲ್ಲಿನ ಗುಹೆಗಳಿವೆ, ಕೆಸರು ಉಕ್ಕುವ ಜ್ವಾಲಾಮುಖಿ ಇದೆ, ಕಾಂಡ್ಲಾ ಕಾಡಿನ ನಡುವೆ ಸ್ಪೀಡ್ ಬೋಟಿನಲ್ಲಿ ಸಾಗುವ ಸೊಗಸಿದೆ. ಆದರೆ ಅಲ್ಲಿಗೆ ಕಾರು ಹೋಗುವುದು ಅಂಡಮಾನ್ ಟ್ರಂಕ್ ರಸ್ತೆಯಲ್ಲಿ. ಜಿರ್ಕಾಟಾಂಗ್ ಚೆಕ್‌ಪೋಸ್ಟ್ ದಾಟಿದ ಮೇಲೆ ಮಿಡಲ್ ಸ್ಟ್ರೈಟ್ ದೋಣಿಕಟ್ಟೆಯವರೆಗೆ ಸುಮಾರು 49 ಕಿಲೋಮೀಟರ್ ರಸ್ತೆ ಜರವಾ ಜನರ ಮೀಸಲು ಪ್ರದೇಶದ ಒಳಗೇ ಹಾದುಹೋಗುತ್ತದೆ. 2011ರ ಜನಗಣತಿಯಲ್ಲಿ ಸಿಕ್ಕ ಜರವಾ ಜನರ ಸಂಖ್ಯೆ 380. ನಮ್ಮ ಕಡೆಯ ಒಂದು ಸಾಧಾರಣ ಮದುವೆಗೆ ಸೇರುವ ನೆಂಟರಿಷ್ಟರಿಗಿಂತ ಕಡಿಮೆ. ಬೇಟೆ, ಮೀನು, ಜೇನು, ಗೆಡ್ಡೆಗೆಣಸು ನಂಬಿ ಬಾಳುವ ಇವರು ಹೊರಗಿನವರೊಂದಿಗೆ ಹಗೆ ಬಿಟ್ಟು ಬೆರೆಯತೊಡಗಿದ್ದು 1990ರ ದಶಕದ ಕೊನೆಗೆ. ಅದಾಗಿ ಹೆಚ್ಚು ದಿನ ಕಳೆಯುವ ಮೊದಲೇ, 1999ರಲ್ಲಿ, ಅವರ ನಡುವೆ ದಡಾರ ಹಬ್ಬಿತು. ನಮ್ಮ ಮಕ್ಕಳಿಗೆ ಬಂದು ಹೋಗುವ ನೆಗಡಿ, ಜ್ವರಗಳು ಅಲ್ಲಿ ಒಂದು ಕುಲವನ್ನೇ ಅಳಿಸಬಲ್ಲವು. ಇದು ಊಹೆಯ ಮಾತಲ್ಲ. 1858ರಲ್ಲಿ ಬ್ರಿಟಿಷರು ಅಲ್ಲಿ ಕೈದಿಗಳ ವಸಾಹತು ಹೂಡಿದಾಗ ಸಾವಿರಾರು ಸಂಖ್ಯೆಯಲ್ಲಿದ್ದ ಗ್ರೇಟ್ ಅಂಡಮಾನೀಸ್ ಜನ ರೋಗರುಜಿನಗಳಿಗೆ ಸಿಕ್ಕಿ ಇಂದು ಬೆರಳೆಣಿಕೆಯಷ್ಟು ಉಳಿದಿದ್ದಾರೆ.

ಈ ಕಾರಣಕ್ಕೇ ಆ ದಾರಿಯಲ್ಲಿ ನಿಯಮಗಳಿವೆ. ವಾಹನಗಳು ಒಂಟಿಯಾಗಿ ಹೋಗುವಂತಿಲ್ಲ. ನಿಗದಿತ ಹೊತ್ತಿಗೆ ಪೊಲೀಸ್ ಕಾವಲಿನಲ್ಲಿ ಸಾಲಾಗಿ ಹೊರಡಬೇಕು. ಗಂಟೆಗೆ 40 ಕಿಲೋಮೀಟರ್ ವೇಗ ಮೀರಬಾರದು, ಒಬ್ಬರನ್ನೊಬ್ಬರು ಹಿಂದಿಕ್ಕಬಾರದು, ನಿಲ್ಲಿಸಬಾರದು, ಫೋಟೊ ತೆಗೆಯಬಾರದು, ತಿಂಡಿ ಕೊಡಬಾರದು. 1956ರಿಂದಲೇ ಮೂಲನಿವಾಸಿಗಳ ರಕ್ಷಣೆಯ ಕಾನೂನಿದೆ, 2004ರಲ್ಲಿ ಜರವಾ ಜನರಿಗಾಗಿಯೇ ಒಂದು ನೀತಿ ಬಂತು. ಕಾಗದದಲ್ಲಿ ಯಾವುದಕ್ಕೂ ಕೊರತೆಯಿಲ್ಲ.

ರಸ್ತೆಯ ಮೇಲೆ ನಡೆಯುವುದನ್ನು ಈಗ ಹೇಳುತ್ತೇನೆ. ರಂಗತ್‌ನಲ್ಲಿ ನೌಕರಿಯಲ್ಲಿರುವ ಸಂಬಂಧಿಕರ ಮನೆಗೆ ನಾವು ಹೋಗಬೇಕಿತ್ತು. ಆ ದಿನ ದೋಣಿಯಿರಲಿಲ್ಲ, ರಸ್ತೆಯೊಂದೇ ದಾರಿ. ಕಾರು ಗೊತ್ತುಮಾಡಲು ಬೆಂಗಳೂರಿನಿಂದ ಏಜೆಂಟರೊಬ್ಬರಿಗೆ ಫೋನ್ ಮಾಡಿದಾಗ ಅವರು ಮೊದಲು ಆಡಿದ ಮಾತೇ, ‘ನಿಮ್ಮ ಅದೃಷ್ಟ ಚೆನ್ನಾಗಿದ್ರೆ ದಾರೀಲೇ ಜರವಾ ದರ್ಶನ ಆಗುತ್ತೆ ಸಾರ್, ಬೆಳಗಿನ ಮೊದಲ ಗಾಡಿಗೇ ಹೊರಡಿ’ ಎಂದು. ನಾವು ಕೇಳಿದ್ದು ಬಾಡಿಗೆ ಎಷ್ಟು ಎಂದು ಮಾತ್ರ. ಅವರು ಕಾರಿನ ಜೊತೆಗೆ ಮನುಷ್ಯರನ್ನೂ ಮಾರುತ್ತಿದ್ದರು.

ಬೆಳಗಿನ ಮೂರರ ಸುಮಾರಿಗೆ ಹೊರಟು ಜಿರ್ಕಾಟಾಂಗ್ ತಲುಪಿದಾಗ ಇನ್ನೂ ಕತ್ತಲು. ಗೇಟು ತೆರೆಯುವುದು ಆರಕ್ಕೆ. ಅಷ್ಟರಲ್ಲೇ ಕಾರು, ಟೆಂಪೊ ಟ್ರಾವೆಲರ್‌ಗಳು ಉದ್ದಕ್ಕೆ ಸಾಲುಗಟ್ಟಿದ್ದವು. ಚಹಾದಂಗಡಿಗಳ ದೀಪದಡಿ ಚಾಲಕರು ಪ್ರಯಾಣಿಕರ ಹೆಸರು, ಗುರುತುಚೀಟಿಯ ವಿವರಗಳನ್ನು ಫಾರಂನಲ್ಲಿ ತುಂಬುತ್ತಿದ್ದರು. ನಮ್ಮ ಚಾಲಕ ಇಪ್ಪತ್ತೈದು ದಾಟಿರದ ಹುಡುಗ. ದೇಶ ವಿಭಜನೆಯ ನಂತರ ಪೂರ್ವ ಬಂಗಾಳದಿಂದ ತಂದು ನೆಲೆಗೊಳಿಸಿದ ಕುಟುಂಬದವನು. ಹಿಂದಿನ ರಾತ್ರಿ ಹತ್ತರವರೆಗೆ ಬೇರೆ ಪ್ರವಾಸಿಗರನ್ನು ಸುತ್ತಿಸಿ, ಕಾರು ತೊಳೆದು, ಎರಡೂವರೆಗೆ ಮತ್ತೆ ನಮ್ಮ ಹೋಟೆಲಿನ ಮುಂದೆ ನಿಂತಿದ್ದ. ಫಾರಂ ತುಂಬಿ ಬಂದವನು ಸ್ಟೀರಿಂಗಿನ ಮೇಲೆ ತಲೆಯಿಟ್ಟು ಅಲ್ಲೇ ನಿದ್ದೆಹೋದ. ಗೇಟು ತೆರೆದ ಸದ್ದಿಗೆ ದಡಬಡಿಸಿ ಎದ್ದು, ಮುಖಕ್ಕೆ ಬಾಟಲಿಯ ನೀರು ಎರಚಿಕೊಂಡು ಗಾಡಿ ಎತ್ತಿದ.

ಕಾಡಿನ ನಡುವೆ ಒಂದು ತಿರುವಿನಲ್ಲಿ ರಸ್ತೆಯಂಚಿಗೆ ಒಬ್ಬ ತಾಯಿ, ಇಬ್ಬರು ಮಕ್ಕಳು ನಿಂತಿದ್ದರು. ನಮ್ಮ ಮುಂದಿನ ಕಾರಿನ ಬ್ರೇಕ್ ದೀಪ ಹೊತ್ತಿತು. ಹಿಂದಿನ ಸೀಟಿನ ಗಾಜು ಅರ್ಧ ಇಳಿಯಿತು, ಒಂದು ಕೈ ಹೊರಬಂತು, ಬಿಸ್ಕತ್ತಿನ ಪೊಟ್ಟಣ ರಸ್ತೆಗೆ ಬಿತ್ತು. ಮಕ್ಕಳಲ್ಲೊಬ್ಬ ಅದಕ್ಕೆಂದು ಚಲಿಸುತ್ತಿದ್ದ ಗಾಡಿಗಳ ಸಾಲಿನ ಕಡೆಗೇ ಓಡಿದ. ನಮ್ಮ ಹುಡುಗ ಹಾರ್ನ್ ಒತ್ತಿ, ವೇಗ ತಗ್ಗಿಸಿ, ಉಸಿರು ಬಿಗಿಹಿಡಿದು ದಾಟಿದ. ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ ಹೇಳಿದ: ‘ನಿಧಾನ ಮಾಡು ಅಂತ ದಿನಾ ಕೇಳ್ತಾರೆ. ಮಾಡಿದ್ರೆ ಪೊಲೀಸರು ನನ್ನ ಹಿಡೀತಾರೆ. ಮಾಡದಿದ್ರೆ ಏಜೆಂಟರಿಗೆ ದೂರು ಹೋಗುತ್ತೆ, ಟಿಪ್ಸೂ ಇಲ್ಲ, ನಾಳೆ ಟ್ರಿಪ್ಪೂ ಇಲ್ಲ.’

ಮಾನ್ಯರೇ, ಈ ಪತ್ರದ ತಿರುಳು ಈ ಮಾತಿನಲ್ಲಿದೆ. ಒಂದು ಜನಾಂಗದ ಉಳಿವಿಗಾಗಿ ದೇಶ ಮಾಡಿದ ಕಾನೂನನ್ನು ಆ ದಾರಿಯಲ್ಲಿ ದಿನವೂ ಕಾಯಬೇಕಾದವನು ನಿದ್ದೆಗೆಟ್ಟ, ಟಿಪ್ಸು ನಂಬಿದ ಬಾಡಿಗೆ ಚಾಲಕ. ಪೊಲೀಸ್ ಬೆಂಗಾವಲು ಸಾಲಿನ ತಲೆಗೆ ಇರುತ್ತದೆ, ಬಾಲಕ್ಕೆ ಇರುತ್ತದೆ. ನಡುವಿನ ಹತ್ತಾರು ಗಾಡಿಗಳ ಒಳಗೆ ಏನಾಗುತ್ತದೆ ಎಂಬುದು ಪ್ರಯಾಣಿಕನ ಸಭ್ಯತೆಗೂ ಚಾಲಕನ ಧೈರ್ಯಕ್ಕೂ ಬಿಟ್ಟದ್ದು. ದುಡ್ಡು ಕೊಟ್ಟವನು ಹಿಂದಿನ ಸೀಟಿನಲ್ಲಿ ಕೂತು ಆಸೆ ತೋರಿಸುತ್ತಾನೆ, ಶಿಕ್ಷೆ ಮುಂದಿನ ಸೀಟಿಗೆ. ಈ ಏರ್ಪಾಡು ಜರವಾ ಜನರಿಗೂ ಅನ್ಯಾಯ, ಚಾಲಕರಿಗೂ ಅನ್ಯಾಯ.

ಇದು ಹೊಸದಾಗಿ ಕಂಡ ಸಂಗತಿಯೂ ಅಲ್ಲ. ಜರವಾ ಮೀಸಲಿನ ಮೂಲಕ ಹಾಯುವ ಟ್ರಂಕ್ ರಸ್ತೆಯ ಭಾಗವನ್ನು ಮುಚ್ಚಬೇಕೆಂದು ಸುಪ್ರೀಂ ಕೋರ್ಟ್ ಆದೇಶಿಸಿದ್ದು 2002ರಲ್ಲಿ. ರಸ್ತೆ ಮುಚ್ಚಲಿಲ್ಲ. 2012ರ ಜನವರಿಯಲ್ಲಿ ತಿಂಡಿಯ ಆಸೆ ತೋರಿಸಿ ಜರವಾ ಹೆಣ್ಣುಮಕ್ಕಳನ್ನು ಕುಣಿಸಿದ ವಿಡಿಯೊ ಲಂಡನ್ನಿನ ‘ದಿ ಅಬ್ಸರ್ವರ್’ ಪತ್ರಿಕೆಯ ಮೂಲಕ ಹೊರಬಂದು ದೇಶವೇ ತಲೆತಗ್ಗಿಸಿತು. 2013ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಪ್ರವಾಸಿಗರನ್ನು ಆ ರಸ್ತೆಯಿಂದ ದೂರವಿಟ್ಟಿತು, ಮಾರ್ಚ್‌ನಲ್ಲಿ ಆ ನಿರ್ಬಂಧ ಸಡಿಲವಾಯಿತು. ಬಾರಾಟಾಂಗ್‌ಗೆ ಪ್ರವಾಸಿಗರನ್ನು ಸಮುದ್ರದ ಮೂಲಕವೇ ಕರೆದೊಯ್ಯಬೇಕೆಂಬ ಮಾತು ವರ್ಷಗಳಿಂದ ಕೇಳಿಬರುತ್ತಲೇ ಇದೆ. ಬೆಳಗಿನ ಕಾರುಗಳ ಸಾಲು ಮಾತ್ರ ಕರಗಿಲ್ಲ.

ರಸ್ತೆಯನ್ನು ಪೂರ್ತಿ ಮುಚ್ಚಿ ಎಂದು ನಾನು ಕೇಳುತ್ತಿಲ್ಲ. ರಂಗತ್, ಮಾಯಾಬಂದರ್, ದಿಗ್ಲಿಪುರದ ಜನರಿಗೆ ಆಸ್ಪತ್ರೆ, ಕಾಲೇಜು, ಕೋರ್ಟು, ಸಂತೆಗೆಲ್ಲ ಅದೇ ದಾರಿ. ಮಳೆಗಾಲದಲ್ಲಿ ಸಮುದ್ರ ಕೆರಳಿದಾಗ ದೋಣಿ ನಂಬಿ ಕೂರುವಂತಿಲ್ಲ. ಹೆರಿಗೆ ನೋವಿನ ಹೆಂಗಸನ್ನು ಕರೆತರುವ ಆಂಬುಲೆನ್ಸಿಗೂ ಗುಹೆ ನೋಡಲು ಹೊರಟ ನಮ್ಮ ಕಾರಿಗೂ ಒಂದೇ ತಕ್ಕಡಿ ಸಲ್ಲದು. ಒಂದು ಅಗತ್ಯ, ಇನ್ನೊಂದು ವಿನೋದ. ವಿನೋದಕ್ಕೆ ಬೇರೆ ದಾರಿ ಮಾಡಬಹುದು, ಅಗತ್ಯಕ್ಕೆ ಆಗದು.

ಆದ್ದರಿಂದ ತಮ್ಮಲ್ಲಿ ನನ್ನ ಬೇಡಿಕೆಗಳು ಇವು:

1. ಪ್ರವಾಸಿ ಬಾಡಿಗೆ ವಾಹನಗಳನ್ನು ಜಿರ್ಕಾಟಾಂಗ್‌ನಿಂದ ಆಚೆಗೆ ಬಿಡಬೇಡಿ. ಬಾರಾಟಾಂಗ್ ನೋಡಬೇಕೆನ್ನುವವರಿಗೆ ಸಮಯಪಟ್ಟಿಯ ಪ್ರಕಾರ, ಕೈಗೆಟುಕುವ ದರದಲ್ಲಿ ದೋಣಿ ಓಡಿಸಿ. ಸಮುದ್ರ ಸರಿಯಿಲ್ಲದ ದಿನ ಪ್ರವಾಸ ರದ್ದಾಗಲಿ, ಹಣ ಮರಳಲಿ.

2. ಅದು ಆಗುವವರೆಗೆ, ಜಾಹೀರಾತಿನಲ್ಲಾಗಲಿ ವಾಟ್ಸಾಪ್ ಸಂದೇಶದಲ್ಲಾಗಲಿ ಫೋನಿನಲ್ಲಾಗಲಿ ಜರವಾ ಜನರನ್ನು ತೋರಿಸುವುದಾಗಿ ಹೇಳುವ ಏಜೆಂಟರ ಪರವಾನಗಿ ರದ್ದುಮಾಡಿ. ಅವರು ಅಂಡಮಾನಿನವರಾದರೂ ಸರಿ, ಬೆಂಗಳೂರು, ಚೆನ್ನೈ, ಕೋಲ್ಕತ್ತದವರಾದರೂ ಸರಿ. ಅಲ್ಲಿ ಅವರಿಗೆ ಕಾರು ಒದಗಿಸುವವರನ್ನೂ ಹೊಣೆ ಮಾಡಿ.

3. ನಿಧಾನಿಸು, ನಿಲ್ಲಿಸು ಎಂದು ಒತ್ತಾಯಿಸುವ, ತಿಂಡಿ ಎಸೆಯುವ, ಕ್ಯಾಮೆರಾ ಎತ್ತುವ ಪ್ರಯಾಣಿಕನ ಮೇಲೆಯೇ ಮೊಕದ್ದಮೆ ಹೂಡಿ. ಚಾಲಕ ದೂರು ಕೊಡಲು ಮಿಡಲ್ ಸ್ಟ್ರೈಟ್‌ನಲ್ಲಿ ವ್ಯವಸ್ಥೆಯಿರಲಿ. ದೂರು ಕೊಟ್ಟದ್ದಕ್ಕೆ ಅವನ ಟ್ರಿಪ್ ತಪ್ಪಿಸಿದ ಏಜೆಂಟರನ್ನು ಕೇಳುವವರಿರಲಿ.

4. ಇಡೀ ದಿನದ ಕಾರಿನ ದರ, ಅದರಲ್ಲಿ ಚಾಲಕನ ಪಾಲು, ಕಾಯುವ ಹೊತ್ತಿನ ಭತ್ಯೆ, ಇಷ್ಟನ್ನೂ ನಿಗದಿಮಾಡಿ ವಿಮಾನ ನಿಲ್ದಾಣದಲ್ಲೂ ದೋಣಿಕಟ್ಟೆಗಳಲ್ಲೂ ಫಲಕ ಹಾಕಿ. ಹಿಂದಿನ ರಾತ್ರಿ ತಡವಾಗಿ ದುಡಿದ ಚಾಲಕನನ್ನು ಮುಂಜಾನೆಯ ಸಾಲಿಗೆ ಕಳುಹಿಸದಂತೆ ನಿಯಮ ಮಾಡಿ. ಜಿರ್ಕಾಟಾಂಗ್‌ನಲ್ಲಿ ಫಾರಂ ತುಂಬುವಾಗಲೇ ಅದನ್ನು ತಪಾಸಣೆ ಮಾಡಬಹುದು.

5. ಆ ಕಾಡು ಯಾರದು, ಅಲ್ಲಿ ಏನು ಮಾಡಬಾರದು, ಏಕೆ ಮಾಡಬಾರದು ಎಂಬುದನ್ನು ಪ್ರಯಾಣಿಕರಿಗೆ ಅವರವರ ಭಾಷೆಯಲ್ಲಿ ಮೊದಲೇ ತಿಳಿಸಿ. ಕನ್ನಡವೂ ಅದರಲ್ಲಿರಲಿ.

ಇನ್ನು ನನ್ನ ಊರವರಿಗೆ ನಾಲ್ಕು ಮಾತು.

ಕೊರಗರನ್ನು ಕೀಳಾಗಿ ಕಂಡು, ಅವರ ಮೈಮನಸ್ಸುಗಳನ್ನು ಹೀನಾಯಗೊಳಿಸುತ್ತಿದ್ದ ಅಜಲು ಪದ್ಧತಿಯನ್ನು ನಮ್ಮ ರಾಜ್ಯ 2000ದಲ್ಲಿ ಕಾನೂನು ಮಾಡಿ ನಿಷೇಧಿಸಿತು. ಕೊರಗರು, ಜೇನುಕುರುಬರು ಮತ್ತು ಜರವಾ ಜನರು ಭಾರತ ಸರ್ಕಾರದ ಒಂದೇ ಪಟ್ಟಿಯಲ್ಲಿದ್ದಾರೆ. ವಿಶೇಷವಾಗಿ ದುರ್ಬಲ ಬುಡಕಟ್ಟುಗಳ ಪಟ್ಟಿ ಅದು. ನಾಗರಹೊಳೆಯ ಹಾಡಿಯಲ್ಲಿ ಜೇನುಕುರುಬರ ಮಗುವಿನ ಮುಂದೆ ಕಾರು ನಿಲ್ಲಿಸಿ, ಬಿಸ್ಕತ್ತು ಎಸೆದು, ಕುಣಿ ಎಂದರೆ ನಮ್ಮ ರಕ್ತ ಕುದಿಯಬೇಕಲ್ಲವೇ? ಸಮುದ್ರ ದಾಟಿದ ಮಾತ್ರಕ್ಕೆ ಅದು ಪ್ರವಾಸ ಎನಿಸಿಕೊಳ್ಳಬಾರದು.

ಅಂಡಮಾನಿನಲ್ಲಿ ನೋಡಲು ಬೇಕಾದಷ್ಟಿದೆ. ಸ್ವರಾಜ್ ದ್ವೀಪದ ರಾಧಾನಗರ ಕಡಲತೀರ, ಶಹೀದ್ ದ್ವೀಪದ ಕಲ್ಲಿನ ಕಮಾನು, ಜಾಲಿಬಾಯ್‌ನ ಹವಳ, ಚಿಡಿಯಾ ಟಾಪುವಿನ ಸೂರ್ಯಾಸ್ತ, ಸೆಲ್ಯುಲರ್ ಜೈಲಿನ ಕೋಣೆಗಳು. ಇವುಗಳಲ್ಲಿ ಯಾವುದಕ್ಕೂ ಜರವಾ ಕಾಡು ದಾಟಬೇಕಿಲ್ಲ. ಸುಣ್ಣಕಲ್ಲಿನ ಗುಹೆಯೇ ಬೇಕೆಂದರೆ ದಾಂಡೇಲಿ ಹತ್ತಿರದ ಕವಳಾ ಗುಹೆ ನಮ್ಮಲ್ಲೇ ಇದೆ.

ಕಾರು ಗೊತ್ತುಮಾಡುವಾಗ ಏಜೆಂಟರನ್ನು ಕೇಳಿ: ಚಾಲಕನಿಗೆ ದಿನಕ್ಕೆ ಎಷ್ಟು ಕೊಡುತ್ತೀರಿ? ಹಿಂದಿನ ರಾತ್ರಿ ಅವನಿಗೆ ಕೆಲಸವಿದೆಯೇ? ಬಾರಾಟಾಂಗ್ ಪಟ್ಟಿಯಲ್ಲಿದ್ದರೆ ತೆಗೆಸಿ, ಯಾಕೆ ತೆಗೆಸುತ್ತಿದ್ದೀರಿ ಎಂಬುದನ್ನೂ ಹೇಳಿ. ಗಿರಾಕಿ ಬೇಡವೆಂದದ್ದನ್ನು ಯಾವ ಏಜೆಂಟರೂ ಬಹಳ ದಿನ ಮಾರಲಾರರು. ಅನಿವಾರ್ಯವಾಗಿ ಆ ದಾರಿಯಲ್ಲಿ ಹೋಗಲೇಬೇಕಾದರೆ ಗಾಜು ಏರಿಸಿ, ಫೋನು ಚೀಲದೊಳಗಿಡಿ, ಮಕ್ಕಳಿಗೂ ತಿಳಿಹೇಳಿ. ಚಾಲಕ ನಿಲ್ಲಿಸದೆ ಮುಂದೆ ಹೋದರೆ ಅವನು ತನ್ನ ಕೆಲಸವನ್ನು ಸರಿಯಾಗಿ ಮಾಡಿದ್ದಾನೆ. ಟಿಪ್ಸು ಕೊಡುವುದಿದ್ದರೆ ಅದಕ್ಕೆ ಕೊಡಿ.

ಅಧಿಕಾರಿಗಳು ದೋಣಿ ಬಿಡುವ ದಿನ ಬರಲಿ. ಅಲ್ಲಿಯವರೆಗೆ, ನಾವು ಬಾಡಿಗೆ ಕೊಟ್ಟ ಕಾರು ಯಾರ ಮನೆಯಂಗಳದಲ್ಲಿ ಹಾದುಹೋಗಬೇಕು ಎಂದು ತೀರ್ಮಾನಿಸುವುದು ನಮ್ಮ ಕೈಯಲ್ಲೇ ಇದೆ. ದಯವಿಟ್ಟು ಬಾರಾಟಾಂಗ್ ದಿನವನ್ನು ನಿಮ್ಮ ಪ್ರವಾಸದಿಂದ ಕೈಬಿಡಿ.

ಇಂತಿ,
ಬೆಂಗಳೂರಿನ ಒಬ್ಬ ಪ್ರವಾಸಿ