ಬ್ರೂಸ್ ಲೀ: ಎಪ್ಪತ್ತೊಂದು ದಿನ ಮುಂಚಿನ ಎಚ್ಚರಿಕೆ

ಮಕ್ಕಳನ್ನು ಕರಾಟೆ ತರಗತಿಗೆ ಸೇರಿಸುವ ತಂದೆ ತಾಯಂದಿರು ಒಂದು ಪ್ರಶ್ನೆ ಕೇಳುವುದುಂಟು: ಅಷ್ಟು ಗಟ್ಟಿಮುಟ್ಟಾಗಿದ್ದ ಬ್ರೂಸ್ ಲೀ 32ನೇ ವಯಸ್ಸಿಗೇ ಸತ್ತದ್ದು ಹೇಗೆ? ಯಾರೋ ವಿಷ ಹಾಕಿದರಂತೆ, ವೈರಿಯೊಬ್ಬ ಮರ್ಮಸ್ಥಾನಕ್ಕೆ ಹೊಡೆದನಂತೆ, ಆ ಮನೆತನಕ್ಕೇ ಶಾಪವಿತ್ತಂತೆ ಎಂಬ ಕತೆಗಳು ಇಂದಿಗೂ ನಿಂತಿಲ್ಲ. 1993ರಲ್ಲಿ ಅವರ ಮಗ ಬ್ರ್ಯಾಂಡನ್ ಚಿತ್ರೀಕರಣದ ವೇಳೆ ಆಕಸ್ಮಿಕವಾಗಿ ಗುಂಡು ತಗುಲಿ ತೀರಿಕೊಂಡಾಗ ಶಾಪದ ಕತೆಗೆ ಇನ್ನಷ್ಟು ಬಲ ಬಂತು. ನಿಜವಾಗಿ ನಡೆದದ್ದು ಮಾತ್ರ ಯಾವ ಮನೆಯಲ್ಲಾದರೂ ನಡೆಯಬಹುದಾದಂಥದು.

1973ರ ಮೇ 10. ಹಾಂಗ್‌ಕಾಂಗ್‌ನ ಗೋಲ್ಡನ್ ಹಾರ್ವೆಸ್ಟ್ ಸ್ಟುಡಿಯೋದಲ್ಲಿ 'ಎಂಟರ್ ದ ಡ್ರ್ಯಾಗನ್' ಚಿತ್ರದ ಡಬ್ಬಿಂಗ್ ನಡೆದಿತ್ತು. ಸದ್ದಾಗಬಾರದೆಂದು ಹವಾನಿಯಂತ್ರಣ ನಿಲ್ಲಿಸಿದ್ದರಿಂದ ಕೋಣೆಯಲ್ಲಿ ವಿಪರೀತ ಸೆಕೆ. ಲೀ ಕುಸಿದು ಬಿದ್ದರು. ವಾಂತಿ, ಸೆಳವು ಶುರುವಾಯಿತು. ಮಿದುಳು ಊದಿಕೊಂಡಿದೆ ಎಂದು ಗುರುತಿಸಿದ ವೈದ್ಯರು ಮ್ಯಾನಿಟಾಲ್ ಕೊಟ್ಟು ಊತ ಇಳಿಸಿ ಜೀವ ಉಳಿಸಿದರು. ಕಾಲು ಊದಿದರೆ ಚರ್ಮ ಹಿಗ್ಗುತ್ತದೆ. ತಲೆಬುರುಡೆ ಹಿಗ್ಗುವುದಿಲ್ಲ. ಒಳಗಿನ ಒತ್ತಡ ಏರಿದಂತೆ ಉಸಿರಾಟವನ್ನು ನಡೆಸುವ ಮಿದುಳಿನ ಭಾಗವೇ ಅದುಮಿಹೋಗುತ್ತದೆ.

ಬಳಿಕ ಅಮೆರಿಕದಲ್ಲಿ ಪರೀಕ್ಷೆ ಮಾಡಿಸಿಕೊಂಡು, ದೇಹ ಉತ್ತಮ ಸ್ಥಿತಿಯಲ್ಲಿದೆ ಎನಿಸಿಕೊಂಡು ಅವರು ಕೆಲಸಕ್ಕೆ ಮರಳಿದರು. ಜುಲೈ 20ರಂದು ನಟಿಯೊಬ್ಬರ ಮನೆಯಲ್ಲಿದ್ದಾಗ ತಲೆನೋವು ಬಂತು. ಆಕೆ ತಮ್ಮಲ್ಲಿದ್ದ ನೋವಿನ ಮಾತ್ರೆಯನ್ನು ಕೊಟ್ಟರು. ಅದರಲ್ಲಿ ಆಸ್ಪಿರಿನ್ ಜೊತೆಗೆ ಮೆಪ್ರೊಬಮೇಟ್ ಎಂಬ ಶಾಮಕ ಔಷಧವೂ ಇತ್ತು. ಮಾತ್ರೆ ನುಂಗಿ ಮಲಗಿದ ಲೀ ಏಳಲಿಲ್ಲ. ಸುಮಾರು 1,400 ಗ್ರಾಂ ಇರಬೇಕಾದ ಮಿದುಳು 1,575 ಗ್ರಾಂ ತೂಗಿತು. ವಿಚಾರಣೆಯಲ್ಲಿ ಇದು ಆಕಸ್ಮಿಕ ಸಾವೆಂದು ತೀರ್ಮಾನವಾಯಿತು. ಮಾತ್ರೆಯ ಅಂಶವೊಂದು ಅವರ ದೇಹಕ್ಕೆ ಒಗ್ಗಲಿಲ್ಲವೆಂಬುದು ಬ್ರಿಟನ್ನಿನ ತಜ್ಞರ ಅಭಿಪ್ರಾಯವಾಗಿತ್ತು. 2018ರಲ್ಲಿ ಅವರ ಜೀವನಚರಿತ್ರೆ ಬರೆದವರು ಬಿಸಿಲಾಘಾತವನ್ನು ಮುಂದಿಟ್ಟರು. 2022ರಲ್ಲಿ ಮೂತ್ರಪಿಂಡ ತಜ್ಞರು, ಅತಿಯಾಗಿ ನೀರು ಕುಡಿದು ರಕ್ತದ ಸೋಡಿಯಂ ಕುಸಿದಿರಬಹುದು ಎಂದರು. ಇವೆಲ್ಲ ಊಹೆಗಳೇ.

ನನ್ನ ಮಟ್ಟಿಗೆ ಈ ಚರ್ಚೆಗಿಂತ ಮುಖ್ಯವಾದದ್ದು ಆ ನಡುವಿನ 71 ದಿನಗಳು. ಒಮ್ಮೆ ಮಿದುಳು ಊದಿದ ಮನುಷ್ಯನಿಗೆ ಬೇಕಾದದ್ದು ವಿಶ್ರಾಂತಿ ಮತ್ತು ಹತ್ತಿರದ ನಿಗಾ. ಅವರ ಮೈಕಟ್ಟು ನೋಡಿದವರಿಗೆ ಹಾಗೆ ಅನ್ನಿಸಿರಲಾರದು. ಮಾಂಸಖಂಡಕ್ಕೂ ಮಿದುಳಿನ ಆರೋಗ್ಯಕ್ಕೂ ನಾವು ಊಹಿಸುವಷ್ಟು ನಂಟಿಲ್ಲ.

ಅವರ ಬದುಕಿನಲ್ಲೇ ಇದಕ್ಕೆ ವಿರುದ್ಧವಾದ ಇನ್ನೊಂದು ಪ್ರಸಂಗವಿದೆ. 1970ರಲ್ಲಿ ಮೈ ಬಿಸಿಮಾಡಿಕೊಳ್ಳದೆ ಸುಮಾರು 57 ಕಿಲೋ ಭಾರವನ್ನು ಹೆಗಲ ಮೇಲಿಟ್ಟು ಬಾಗಿದಾಗ ಬೆನ್ನಿನ ನರಕ್ಕೆ ಪೆಟ್ಟಾಯಿತು. ಇನ್ನು ಕಾಲೆತ್ತಿ ಒದೆಯುವುದು ಸಾಧ್ಯವಿಲ್ಲ ಎಂದರು ವೈದ್ಯರು. ಲೀ ತಿಂಗಳುಗಟ್ಟಲೆ ಹಾಸಿಗೆಯಲ್ಲಿದ್ದರು, ಓದಿದರು, ಬರೆದರು. ಅವರ ಬರಹಗಳು 1975ರಲ್ಲಿ 'ಟಾವೊ ಆಫ್ ಜೀತ್ ಕುನೆ ಡೊ' ಎಂಬ ಪುಸ್ತಕವಾಗಿ ಬಂದವು. ಅವರಿಗೆ ಹೆಸರು ತಂದ 'ದ ಬಿಗ್ ಬಾಸ್', 'ಫಿಸ್ಟ್ ಆಫ್ ಫ್ಯೂರಿ' ಚಿತ್ರಗಳೆಲ್ಲ ಈ ವಿಶ್ರಾಂತಿಯ ಅನಂತರದವು. ಜಿಮ್ಮಿನ ಗೋಡೆಗೆ ಅಂಟಿಸಿದ ಪಟದಲ್ಲಿ ಈ ತಿಂಗಳುಗಳು ಕಾಣುವುದಿಲ್ಲ. ಹುಡುಗರು ಪಟ ನೋಡಿ ನೋವನ್ನು ನುಂಗುವುದನ್ನಷ್ಟೇ ಕಲಿಯುತ್ತಾರೆ. ಕೆಲವು ತರಬೇತುದಾರರೂ ಅದನ್ನೇ ಹೊಗಳುತ್ತಾರೆ.

ಅಭ್ಯಾಸದ ವೇಳೆ ಮಗನಿಗೋ ಮಗಳಿಗೋ ತಲೆ ಸುತ್ತಿ ವಾಂತಿಯಾದರೆ, ತಲೆಗೆ ಪೆಟ್ಟು ಬಿದ್ದ ಮೇಲೆ ತಲೆನೋವು ಹೆಚ್ಚುತ್ತಾ ಹೋದರೆ, ಅಂದೇ ವೈದ್ಯರಿಗೆ ತೋರಿಸಿ. ಪಕ್ಕದ ಮನೆಯವರಿಗೆ ಗುಣ ಕೊಟ್ಟ ಮಾತ್ರೆ ನಿಮ್ಮ ಮಗುವಿಗೆ ಬೇಡ. ವೈದ್ಯರು ಹೇಳದೆ ಮಕ್ಕಳಿಗೆ ಆಸ್ಪಿರಿನ್ ಅಂತೂ ಬೇಡವೇ ಬೇಡ. ಸೆಳವು ಬಂದಾಗ ಕೈಗೆ ಬೀಗದ ಕೈ, ಕಬ್ಬಿಣ ಹಿಡಿಸುವುದರಲ್ಲಿ ಹೊತ್ತು ಕಳೆಯುವವರು ಇನ್ನೂ ಇದ್ದಾರೆ. ಅದರಿಂದ ಏನೂ ಪ್ರಯೋಜನವಿಲ್ಲ. ಒಂದು ಮಗ್ಗುಲಿಗೆ ಮಲಗಿಸಿ, ಬಾಯಿಗೆ ನೀರು ಹಾಕಬೇಡಿ, ಗಡಿಯಾರ ನೋಡಿಕೊಳ್ಳಿ. ಐದು ನಿಮಿಷ ಮೀರಿದರೆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಮೊದಲ ಸಲ ಬಂದ ಸೆಳವಾದರೆ, ಅದು ತಾನಾಗಿ ನಿಂತು ಮಗು ಎದ್ದು ಕುಳಿತು ಮಾತನಾಡುತ್ತಿದ್ದರೂ ಆಸ್ಪತ್ರೆಗೆ ಕರೆದೊಯ್ಯಿರಿ.