ಬೋವಾ ಹಾವನ್ನು ಮನೆಯಲ್ಲಿ ಸಾಕಬಹುದೇ?

ಬೋವಾ ಕನ್‌ಸ್ಟ್ರಿಕ್ಟರ್ ಮಧ್ಯ ಮತ್ತು ದಕ್ಷಿಣ ಅಮೆರಿಕದ ಹಾವು. ನೋಡಲು ನಮ್ಮ ಹೆಬ್ಬಾವಿನ ದಾಯಾದಿಯಂತಿದೆ, ವಿಷವಿಲ್ಲ. ಇಂಥ ವಿದೇಶಿ ಪ್ರಾಣಿ ಇಟ್ಟುಕೊಂಡವರು ಅದನ್ನು ಸರ್ಕಾರದಲ್ಲಿ ನೋಂದಾಯಿಸಬೇಕೆಂದು 2024ರ ನಿಯಮಗಳು ಹೇಳುತ್ತವೆ. ಕಾನೂನು ಬಾಗಿಲನ್ನು ಸ್ವಲ್ಪ ತೆರೆದಿಟ್ಟಿದೆ ಎಂದಾಯಿತು. ಆ ಬಾಗಿಲಿನಿಂದ ಬಳ್ಳಾರಿ, ಸಿರುಗುಪ್ಪ, ಕುರುಗೋಡಿನ ಮನೆಗಳಿಗೆ ಬೋವಾ ಬರಬೇಕೆ ಎಂಬುದು ಪ್ರಶ್ನೆ. ಪರವಾಗಿ ಬರೆದವರು ಬಳ್ಳಾರಿ ಕೌಲ್ ಬಜಾರಿನ ಸಾಫ್ಟ್‌ವೇರ್ ಉದ್ಯೋಗಿ. ವಿರೋಧವಾಗಿ ಬರೆದವರು ಸಿರುಗುಪ್ಪದ ನಿವೃತ್ತ ವಿಜ್ಞಾನ ಶಿಕ್ಷಕಿ, ಅವರ ತವರು ಕುರುಗೋಡು. ಹೈಸ್ಕೂಲಿನಲ್ಲಿ ಆ ಉದ್ಯೋಗಿ ಈ ಶಿಕ್ಷಕಿಯ ಶಿಷ್ಯ.

ಪರ: ಹೆದರಿಕೆ ಹೋದರೆ ಕೋಲು ಕೆಳಗಿಳಿಯುತ್ತದೆ

ನಮ್ಮ ಓಣಿಯಲ್ಲಿ ಹಾವು ಕಂಡರೆ ಮೊದಲು ಕೂಗು, ಆಮೇಲೆ ಕೋಲು. ಕೇರೆಯೋ ನಾಗರವೋ ಎಂದು ಯಾರೂ ನೋಡುವುದಿಲ್ಲ. ಸತ್ತದ್ದು ನಾಗರ ಎಂದು ಗೊತ್ತಾದರೆ ಮಾತ್ರ ಕೈಮುಗಿದು, ತುಪ್ಪ ಹಾಕಿ ಸುಡುತ್ತಾರೆ. ಪಂಚಮಿಯ ದಿನ ಹುತ್ತಕ್ಕೆ ಹಾಲೆರೆಯುವ ಕೈಯೇ ಉಳಿದ ದಿನ ಕೋಲು ಹಿಡಿಯುತ್ತದೆ. ನಾನೂ ಹಾಗೇ ಬೆಳೆದವನು.

ಕೆಲಸದ ಮೇಲೆ ಆರು ತಿಂಗಳು ಅಮೆರಿಕದ ಡಲ್ಲಾಸ್‌ಗೆ ಹೋದಾಗ ದೊಡ್ಡಪ್ಪನ ಮಗನ ಮನೆಯಲ್ಲಿ ಇಳಿದುಕೊಂಡಿದ್ದೆ. ಅವನ ಹತ್ತಿರ ಆರು ಅಡಿಯ ಬೋವಾ ಇತ್ತು. ಮೊದಲ ವಾರ ನಾನು ಆ ಕೋಣೆಗೆ ಕಾಲಿಡಲಿಲ್ಲ. ಒಂದು ದಿನ ಅಣ್ಣ ಕರೆದ: 'ಬಾರೋ, ಕಣ್ಣು ನೋಡು.' ಹಾವಿನ ಎರಡೂ ಕಣ್ಣಿಗೆ ಹಾಲು ನೀಲಿಯ ಮಬ್ಬು ಕವಿದಿತ್ತು. ಪೊರೆ ಬಿಡುವ ಕಾಲ, ಅದಕ್ಕೀಗ ಸರಿಯಾಗಿ ಕಾಣುವುದಿಲ್ಲ, ಮುಟ್ಟಬಾರದು ಎಂದ. ನಾಲ್ಕೈದು ದಿನಕ್ಕೆ ಮಬ್ಬು ತಿಳಿಯಾಯಿತು. ಆಮೇಲೆ ಒಂದು ಸಂಜೆ ಅದು ಮೂತಿಯನ್ನು ಮರದ ತುಂಡಿಗೆ ಉಜ್ಜತೊಡಗಿತು. ತುಟಿಯ ಅಂಚಿನಲ್ಲಿ ಪೊರೆ ಬಿಟ್ಟುಕೊಂಡಿತು. ನಾವು ಕಾಲುಚೀಲವನ್ನು ಒಳಹೊರಗು ಮಾಡಿ ಕಳಚುವಂತೆ, ಹಾವು ತನ್ನ ಹಳೆಯ ಚರ್ಮದೊಳಗಿನಿಂದ ನಿಧಾನವಾಗಿ ಹರಿದು ಹೊರಗೆ ಬಂತು. ಉಳಿದ ಪೊರೆಯನ್ನು ಬೆಳಕಿಗೆ ಹಿಡಿದರೆ ಕಣ್ಣಿನ ಜಾಗದಲ್ಲೂ ಎರಡು ಪಾರದರ್ಶಕ ಬಿಲ್ಲೆಗಳು. ಆ ಹೊತ್ತಿಗೆ ನನ್ನ ಮುಖ ಗಾಜಿಗೆ ತಾಗಿತ್ತು. ಮೂವತ್ತು ವರ್ಷದ ಹೆದರಿಕೆ ಎಲ್ಲಿ ಹೋಯಿತೋ ತಿಳಿಯಲಿಲ್ಲ.

ಸಾಕಿದ ಹಾವು ಕೊಡುವುದು ಇದನ್ನು. ಟಿವಿಯಲ್ಲಿ ಹಾವು ಬುಸುಗುಟ್ಟುತ್ತದೆ, ಮನೆಯಲ್ಲಿ ಅದು ಬದುಕುತ್ತದೆ. ತಿಂಗಳಿಗೆ ಒಂದೆರಡು ಸಲ ಉಣ್ಣುತ್ತದೆ, ಉಳಿದಂತೆ ಸುಮ್ಮನಿರುತ್ತದೆ. ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತದೆ. ಚೆನ್ನಾಗಿ ನೋಡಿಕೊಂಡರೆ 20ರಿಂದ 30 ವರ್ಷ ಬಾಳುತ್ತದೆ. ಫಿಲಡೆಲ್ಫಿಯಾ ಮೃಗಾಲಯದ ಒಂದು ಬೋವಾ 40 ವರ್ಷ ಬದುಕಿ 1977ರಲ್ಲಿ ಸತ್ತಿತು. ಬೋವಾ ಬೇಟೆಯನ್ನು ಸುತ್ತಿ ಉಸಿರುಗಟ್ಟಿಸಿ ಕೊಲ್ಲುತ್ತದೆ ಎಂದೇ ಪುಸ್ತಕಗಳು ಬರೆಯುತ್ತಿದ್ದವು. ಸೆರೆಯಲ್ಲಿದ್ದ ಬೋವಾಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು 2015ರಲ್ಲಿ ಬೇರೆಯದನ್ನು ತೋರಿಸಿದರು: ಆ ಬಿಗಿತಕ್ಕೆ ಇಲಿಯ ರಕ್ತಸಂಚಾರವೇ ಕೆಲವು ಕ್ಷಣಗಳಲ್ಲಿ ಕುಸಿಯುತ್ತದೆ. ಹತ್ತಿರದಿಂದ ನೋಡಿದವರಿಗೆ ಮಾತ್ರ ಸಿಕ್ಕ ತಿಳಿವಳಿಕೆ ಅದು.

ಕಳ್ಳದಾರಿಯಲ್ಲಿ ಬಂದ ಹಾವನ್ನು ಇಟ್ಟುಕೊಳ್ಳಿ ಎಂದು ನಾನು ಹೇಳುತ್ತಿಲ್ಲ. 1972ರ ವನ್ಯಜೀವಿ ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾಗಿ, ಅಂತಾರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ವಿದೇಶಿ ಪ್ರಾಣಿಗಳೂ ಅದರೊಳಗೆ ಬಂದವು. ಈಗ ಪರಿವೇಶ್ ಪೋರ್ಟಲ್‌ನಲ್ಲಿ ಅವುಗಳನ್ನು ನೋಂದಾಯಿಸಬೇಕು. ಮರಿ ಹುಟ್ಟಿದರೆ, ಹಾವು ಸತ್ತರೆ, ಬೇರೆಯವರ ಕೈಗೆ ಹೋದರೆ ತಿಳಿಸಬೇಕು. ಅಮೆರಿಕ ಸರ್ಕಾರವೂ 2015ರಲ್ಲಿ ಅನಕೊಂಡಗಳನ್ನು ಹಾನಿಕಾರಕ ಪಟ್ಟಿಗೆ ಸೇರಿಸಿದಾಗ, ಸೇರಿಸಬೇಕೆಂದು ಚರ್ಚೆಯಲ್ಲಿದ್ದ ಬೋವಾವನ್ನು ಕೈಬಿಟ್ಟಿತು. ಇನ್ನು ಹವೆಯ ಮಾತು. ಬೋವಾಕ್ಕೆ 28ರಿಂದ 32 ಡಿಗ್ರಿ ಶಾಖ ಬೇಕು. ನಮ್ಮಣ್ಣ ಅದಕ್ಕಾಗಿ ವರ್ಷದ ಬಹುಪಾಲು ಹೀಟರ್ ಉರಿಸುತ್ತಾನೆ. ಬಳ್ಳಾರಿಯಲ್ಲಿ ಆ ಖರ್ಚು ಯಾರಿಗಿದೆ?

ವಿರೋಧ: ಬಕೆಟ್ಟಿನಲ್ಲಿ ಬಂದ 'ಹೆಬ್ಬಾವಿನ ಮರಿ'

ನನ್ನ ಶಿಷ್ಯ ಚೆನ್ನಾಗಿ ಬರೆದಿದ್ದಾನೆ. ಪೊರೆಯ ಕಣ್ಣುಬಿಲ್ಲೆಯನ್ನು ಅವನು ನೋಡಿದ್ದು ಓದಿ ನನಗೆ ಸಂತೋಷವಾಯಿತು. ಆದರೂ ಅವನೂ ಕಂಡ ಒಂದು ದಿನವನ್ನು ನೆನಪಿಸಬೇಕಾಗಿದೆ.

ಸಿರುಗುಪ್ಪದ ಸುತ್ತ ಭತ್ತದ ಕೊಯ್ಲು ನಡೆದಿತ್ತು. ಎಂಟನೇ ತರಗತಿಯ ಹುಡುಗನೊಬ್ಬ ಪೇಂಟಿನ ಖಾಲಿ ಬಕೆಟ್ಟಿಗೆ ಮುಚ್ಚಳ ಹಾಕಿ, ಹೆಗಲಿಗೆ ಏರಿಸಿಕೊಂಡು ತರಗತಿಗೆ ಬಂದ. 'ಮೇಡಂ, ಹೆಬ್ಬಾವಿನ ಮರಿ ತಂದೀನ್ರಿ, ಟಿವಿಯೊಳಗ ಇರ್ತೈತಲ್ಲ, ಹಂಗ ಐತಿ.' ಮುಚ್ಚಳ ಒಂದಿಷ್ಟು ಎತ್ತಿದೆ. ಒಳಗಿನಿಂದ ಬಂದ ಸದ್ದು ಕುಕ್ಕರ್ ಸೀಟಿಗೆ ಮೊದಲು ಹಬೆ ಬಿಡುವಂಥದ್ದು, ನಿಲ್ಲದೆ ಬರುತ್ತಲೇ ಇತ್ತು. ಕಂದು ಮೈ, ಬೆನ್ನಿನುದ್ದಕ್ಕೂ ಸರಪಣಿಯಂತೆ ಕಪ್ಪಂಚಿನ ಉರುಟು ಮಚ್ಚೆ, ತ್ರಿಕೋನದ ತಲೆ. ಕೊಳಕುಮಂಡಲ. ಮುಚ್ಚಳ ಒತ್ತಿ, ಮೇಲೆ ಹಾಜರಿ ಪುಸ್ತಕಗಳನ್ನೆಲ್ಲ ಪೇರಿಸಿ, ಮಕ್ಕಳನ್ನು ಹೊರಗೆ ಕಳಿಸಿದೆ. ಅರಣ್ಯ ಇಲಾಖೆಯವರು ಬರುವವರೆಗೆ ನನ್ನ ಕಾಲಲ್ಲಿ ಬಲವಿರಲಿಲ್ಲ. ಆ ಹುಡುಗ ಅದನ್ನು ಗದ್ದೆಯಿಂದ ಬರಿಗೈಯಲ್ಲಿ ಹಿಡಿದು ತಂದಿದ್ದ. ಮೂರನೇ ಬೆಂಚಿನಲ್ಲಿ ನೀನೂ ಇದ್ದೆ, ತಮ್ಮಾ.

ಡಲ್ಲಾಸಿನ ಕೋಣೆಯಲ್ಲಿ ಮಚ್ಚೆ ಮಚ್ಚೆಯ ದಪ್ಪ ಹಾವು ಎಂದರೆ ಬೋವಾ. ಸಿರುಗುಪ್ಪದ ಗದ್ದೆಯ ಬದುವಿನಲ್ಲಿ ಮಚ್ಚೆ ಮಚ್ಚೆಯ ದಪ್ಪ ಹಾವು ಎಂದರೆ ಬಹುಶಃ ಸಾವು. ಮಗುವಿನ ಕೈ ಮನೆಯಲ್ಲಿ ಏನು ಕಲಿಯುತ್ತದೋ ಗದ್ದೆಯಲ್ಲೂ ಅದನ್ನೇ ಮಾಡುತ್ತದೆ. ಹಾವನ್ನು ಕೊಲ್ಲಬೇಡ ಎಂದು ನಲವತ್ತು ವರ್ಷ ಪಾಠ ಮಾಡಿದವಳು ನಾನು. ಹಾವನ್ನು ಎತ್ತಿಕೋ ಎಂದು ಒಂದು ದಿನವೂ ಹೇಳಲಿಲ್ಲ. ನಮ್ಮ ದೇಶದಲ್ಲಿ ವರ್ಷಕ್ಕೆ ಸುಮಾರು 58,000 ಜನ ಹಾವು ಕಚ್ಚಿ ಸಾಯುತ್ತಾರೆ ಎಂಬ ಅಂದಾಜಿದೆ. ಹೆಚ್ಚಿನವರು ಹೊಲದಲ್ಲಿ ದುಡಿಯುವವರು. ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ತಿಳಿಸಬೇಕೆಂದು 2024ರ ಫೆಬ್ರುವರಿಯಲ್ಲಿ ಆದೇಶಿಸಿದ ಮೊದಲ ರಾಜ್ಯ ನಮ್ಮದು. ಇಲ್ಲಿ ಹಾವಿನ ಹೆದರಿಕೆ ಪೂರ್ತಿ ಮೂಢನಂಬಿಕೆಯಲ್ಲ. ಅದರಲ್ಲಿ ಅರ್ಧ ಭತ್ತ ಕೊಯ್ಯುವ ಹೆಂಗಸಿನ ಜಾಣತನ.

ಹವೆಯ ಮಾತಿಗೆ ಬರುತ್ತೇನೆ. 28ರಿಂದ 32 ಡಿಗ್ರಿ ಬೇಕು ಎಂದರೆ 42 ಡಿಗ್ರಿ ಇನ್ನೂ ಒಳ್ಳೆಯದು ಎಂದಲ್ಲ. ಏಪ್ರಿಲ್-ಮೇ ತಿಂಗಳ ಮಧ್ಯಾಹ್ನ ಕರೆಂಟು ಹೋದರೆ ಬಳ್ಳಾರಿಯ ಮಾಳಿಗೆ ಕೋಣೆಯಲ್ಲಿ ನಾವೇ ಒದ್ದೆ ಟವೆಲ್ ಹೊದ್ದು ಕೂರುತ್ತೇವೆ. ಗಾಜಿನ ಪೆಟ್ಟಿಗೆಯ ಹಾವು ಎಲ್ಲಿಗೆ ಹೋಗಬೇಕು? ಹಾವಿಗೆ ಬೆವರಿಲ್ಲ, ನೆರಳಿಗೆ ಸರಿಯುವುದೊಂದೇ ದಾರಿ. ನಮ್ಮ ಮಣ್ಣಿನ ಹಾವು ಬಿಸಿಲೇರಿದರೆ ನೆಲದೊಳಗೆ ಹೋಗಿ ರಾತ್ರಿ ಹೊರಬರುತ್ತದೆ. ಪೆಟ್ಟಿಗೆಗೆ ನೆಲವೇ ಇಲ್ಲ. ಕಾಯಿಲೆಯಾದರೆ ಎಲ್ಲಿಗೆ ಒಯ್ಯುವುದು? ಎತ್ತು, ಎಮ್ಮೆ, ಕುರಿಗಳ ನಾಡಿ ಬಲ್ಲ ವೈದ್ಯರು ನಮ್ಮಲ್ಲಿದ್ದಾರೆ. ಬೋವಾಗಳನ್ನು ಕೊಲ್ಲುವ ಒಂದು ವೈರಸ್ ಇದೆ, ಅದನ್ನು ವಿಜ್ಞಾನಿಗಳು ಗುರುತಿಸಿದ್ದೇ 2012ರಲ್ಲಿ. ಹಾವಿನ ಮೈಯಿಂದ ಮಕ್ಕಳಿಗೆ ಸಾಲ್ಮೊನೆಲ್ಲ ಸೋಂಕು ತಗಲುವುದುಂಟು. ಇವನ್ನು ಹೇಳಿ ಮುಂದೆ ಹೋಗುತ್ತೇನೆ, ಏಕೆಂದರೆ ಇವಕ್ಕಿಂತ ದೊಡ್ಡದು ಹಾವು ಬಂದ ದಾರಿ.

2023ರ ಜನವರಿಯಲ್ಲಿ ಬೆಂಗಳೂರು ಸಮೀಪದ ಒಂದು ತೋಟದ ಮನೆಯಲ್ಲಿ ಅಧಿಕಾರಿಗಳಿಗೆ 139 ವಿದೇಶಿ ಪ್ರಾಣಿಗಳು ಸಿಕ್ಕವು, ಅವುಗಳಲ್ಲಿ ಅನಕೊಂಡಗಳೂ ಇದ್ದವು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಬ್ಯಾಂಕಾಕ್‌ನಿಂದ ಬಂದ ಲಗೇಜು ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ತೆರೆದುಕೊಂಡಿತು: 55 ಬಾಲ್ ಪೈಥಾನ್, 17 ಕಾಳಿಂಗ, ಆರು ಕಪುಚಿನ್ ಕೋತಿಗಳು. ಆರೂ ಕೋತಿಗಳು ಸತ್ತಿದ್ದವು. 2024ರ ಏಪ್ರಿಲ್‌ನಲ್ಲಿ ಮತ್ತೊಬ್ಬ ಪ್ರಯಾಣಿಕನ ಸೂಟ್‌ಕೇಸಿನಲ್ಲಿ ಹತ್ತು ಹಳದಿ ಅನಕೊಂಡ. ಇವೆಲ್ಲ ಸಿಕ್ಕಿಬಿದ್ದವು. ಸಿಗದೆ ಹೋದವು ಯಾರದೋ ಮನೆಯ ಗಾಜಿನ ಪೆಟ್ಟಿಗೆಯಲ್ಲಿವೆ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ, ಆರು ತಿಂಗಳೊಳಗೆ ಘೋಷಿಸಿಕೊಂಡರೆ ದಾಖಲೆ ಕೇಳುವುದಿಲ್ಲ ಎಂದಿತ್ತು. ಹಾವು ಯಾರ ಮನೆಯಲ್ಲಿದೆ ಎಂಬುದು ಕಾಗದದಿಂದ ಗೊತ್ತಾಗುತ್ತದೆ. ಅದು ಹೇಗೆ ಬಂತು ಎಂಬುದು ಆ ಹಾವಿಗೆ ಮಾತ್ರ ಗೊತ್ತು.

ಈಗ ನನ್ನ ತವರಿನ ಮಾತು. ಕುರುಗೋಡಿನ ಕಡೆ ಕೆಂಪು ನೆಲದಲ್ಲಿ, ಹಗರಿ ದಂಡೆಯ ಮರಳಿನಲ್ಲಿ, ಬೋವಾ ಬಳಗದ ಹಾವು ತಲೆತಲಾಂತರದಿಂದ ಇದೆ. ನಾವು ಎಲ್ಡು ತಲಿ ಹಾವು ಅನ್ನುತ್ತೇವೆ, ಗಡಿಯಾಚೆಯವರು ರೆಂಡು ತಲಲ ಪಾಮು ಅನ್ನುತ್ತಾರೆ, ಪುಸ್ತಕದಲ್ಲಿ ಮಣ್ಣುಮುಕ್ಕ. ಬಾಲ ಮೊಂಡಾಗಿದ್ದು ತಲೆಯಂತೆಯೇ ಕಾಣುತ್ತದೆ, ಅಷ್ಟೇ. ಚಿಕ್ಕಂದಿನಲ್ಲಿ ಕುಂಟೆ ಹೊಡೆಯುವಾಗ ಒಂದು ಎದ್ದು ಬಂತು. ಕಂದು ಕೆಂಪು ಬಣ್ಣ, ಎಣ್ಣೆ ಹಚ್ಚಿದಂಥ ಮೈ. ನಮ್ಮ ದೊಡ್ಡಮ್ಮ, 'ಮುಟ್ಟಬ್ಯಾಡ್ರಿ, ನೆಕ್ಕಿದ್ರ ತೊನ್ನು ಬರ್ತೈತಿ' ಅಂದಳು. ಆಮೇಲೆ ಅವಳೇ ಮೊರದಲ್ಲಿ ಎತ್ತಿ ಬದುವಿನಾಚೆ ಬಿಟ್ಟಳು, ಇಲಿ ತಿನ್ನುವ ಹಾವು ಎಂದು. ತೊನ್ನಿನ ಮಾತು ಸುಳ್ಳು. ಆದರೆ ಆ ಸುಳ್ಳು ಹಾವನ್ನು ಕಾಯುತ್ತಿತ್ತು.

ಈಗ ಕಾಯುವ ಸುಳ್ಳು ಹೋಗಿ ಕೊಲ್ಲುವ ಸುಳ್ಳು ಬಂದಿದೆ. ಕೆಲವು ವರ್ಷಗಳ ಹಿಂದೆ ತಮ್ಮನ ಹೊಲದ ಹತ್ತಿರದ ಚಹಾ ಅಂಗಡಿಗೆ ಕಾರಿನಲ್ಲಿ ಇಬ್ಬರು ಬಂದರು. 'ಎರಡು ತಲೆ ಹಾವು ಸಿಗ್ತಾವೇನ್ರಿ? ಎರಡು ಕೆ.ಜಿ. ದಾಟಿರಬೇಕು. ದುಡ್ಡಿಗೆ ಯೋಚನೆ ಇಲ್ಲ.' ಇಟ್ಟುಕೊಂಡರೆ ಅದೃಷ್ಟ, ನಿಧಿ, ಔಷಧ ಎಂದೆಲ್ಲ ಹೇಳಿ ಲಕ್ಷ ಲಕ್ಷದ ಆಸೆ ತೋರಿಸುತ್ತಾರೆ. ಹಿಡಿದವರು ಜೈಲಿಗೆ ಹೋಗುತ್ತಾರೆ, ಹಾವು ಚೀಲದಲ್ಲಿ ಸಾಯುತ್ತದೆ, ಲಕ್ಷ ಯಾರಿಗೂ ಬರುವುದಿಲ್ಲ. 2016ರಿಂದ 2021ರವರೆಗೆ ಪತ್ರಿಕೆಗಳಲ್ಲಿ ಬಂದ ಸುದ್ದಿಗಳನ್ನಷ್ಟೇ ಒಂದು ವನ್ಯಜೀವಿ ಸಂಸ್ಥೆ ಲೆಕ್ಕ ಹಾಕಿತು. ದೇಶದಲ್ಲಿ ಈ ಹಾವನ್ನು ವಶಪಡಿಸಿಕೊಂಡ 172 ಪ್ರಕರಣಗಳು ಸಿಕ್ಕವು. ಮನೆಯಲ್ಲಿ ಹಾವಿರುವುದು ದೊಡ್ಡಸ್ತಿಕೆ ಎಂದು ಪೇಟೆಯಲ್ಲಿ ಒಮ್ಮೆ ಬೇರೂರಿದರೆ, ಸಾವಿರಾರು ಮೈಲಿಯಾಚೆಯ ಬೋವಾಕ್ಕೆ ದುಡ್ಡಿಲ್ಲದವನ ಕಣ್ಣು ಬೀಳುವುದು ಹಗರಿ ದಂಡೆಯ ಮೇಲೆಯೇ.

ಪರ: ಒಂದು ಮರುಮಾತು

ಮೇಡಂ ಹೇಳಿದ ಬಕೆಟ್ಟು ನನಗೆ ನೆನಪಿದೆ. ಆ ಸದ್ದು ಇವತ್ತಿಗೂ ಕಿವಿಯಲ್ಲಿದೆ. ಗದ್ದೆಯ ಊರಿನಲ್ಲಿ, ಮಕ್ಕಳಿರುವ ಮನೆಯಲ್ಲಿ ಬೋವಾ ಬೇಡ ಎಂಬ ಮಾತಿಗೆ ನಾನು ತಲೆಬಾಗುತ್ತೇನೆ. ಮೇ ತಿಂಗಳ ಕರೆಂಟಿನ ಮಾತಿಗೂ ಸೋತೆ.

ಆದರೆ ಪೂರ್ತಿ ನಿಷೇಧವನ್ನು ಒಪ್ಪಲಾರೆ. ಸೂಟ್‌ಕೇಸಿನಲ್ಲಿ ಅನಕೊಂಡ ತಂದವನು ಕಾನೂನು ಕೇಳಿ ತಂದಿಲ್ಲ. ನಿಷೇಧಿಸಿದರೆ ನೋಂದಣಿ ಪುಸ್ತಕ ಖಾಲಿಯಾಗುತ್ತದೆ, ಗಾಜಿನ ಪೆಟ್ಟಿಗೆ ಖಾಲಿಯಾಗುವುದಿಲ್ಲ. ಲೈಸೆನ್ಸ್ ಇರುವ ಸಾಕಣೆದಾರನ ಹತ್ತಿರ, ಸೆರೆಯಲ್ಲೇ ಹುಟ್ಟಿದ ಮರಿಗೆ ಮೈಯೊಳಗೆ ಚಿಪ್ ಹಾಕಿ, ತಂದೆತಾಯಿ ಯಾವುದೆಂದು ಬರೆದು ಕೊಡುವ ವ್ಯವಸ್ಥೆ ಬಿಗಿಯಾಗಲಿ. ಬಲ್ಲವರು ಸಾಕಲಿ. ಹಾವನ್ನು ಪ್ರೀತಿಸುವವರನ್ನೆಲ್ಲ ಕಳ್ಳರ ಸಾಲಿಗೆ ತಳ್ಳಬೇಡಿ, ಮೇಡಂ.

ವಿರೋಧ: ಬಳ್ಳಾರಿಯ ಹೆಸರು ಹೊತ್ತ ಮುಳ್ಳು

ನಿನ್ನನ್ನು ಕಳ್ಳರ ಸಾಲಿಗೆ ತಳ್ಳುವವಳು ನಾನಲ್ಲಪ್ಪ. ಸಾಕಲು ಹೊರಟವರೆಲ್ಲ ನಿನ್ನಂತೆ ಇರುವುದಿಲ್ಲ, ನನಗಿರುವ ಭಯ ಅದೊಂದೇ. ಒಂದೂವರೆ ಅಡಿಯ ಮರಿ ಕೆಲವು ವರ್ಷಕ್ಕೆ ಏಳೆಂಟು ಅಡಿಯಾಗುತ್ತದೆ. ಹುಡುಗನಿಗೆ ಬೆಂಗಳೂರಿನಲ್ಲಿ ಕೆಲಸ ಸಿಗುತ್ತದೆ, ಮದುವೆಯಾಗುತ್ತದೆ, ಬಂದ ಸೊಸೆ ಬೇಡ ಅನ್ನುತ್ತಾಳೆ. ಹಾವಿಗಿನ್ನೂ ಇಪ್ಪತ್ತು ವರ್ಷ ಆಯುಷ್ಯವಿದೆ. ಅಂಥ ರಾತ್ರಿ ಅದನ್ನು ಚೀಲದಲ್ಲಿ ತುಂಬಿ ತುಂಗಭದ್ರಾ ಕಾಲುವೆಯ ಏರಿಗೆ ಬಿಟ್ಟು ಬರುವವರೇ ಹೆಚ್ಚು. ನೀರಿದೆ, ಶಾಖವಿದೆ, ಭತ್ತದ ಗದ್ದೆಯಲ್ಲಿ, ರೈಸ್ ಮಿಲ್ಲುಗಳ ಸುತ್ತ ಬೇಕಾದಷ್ಟು ಇಲಿ ಇದೆ. ಮೆಕ್ಸಿಕೊದ ಕೊಜುಮೆಲ್ ದ್ವೀಪದಲ್ಲಿ 1971ರಲ್ಲಿ ಸಿನಿಮಾಕ್ಕೆ ತಂದ ಕೆಲವು ಬೋವಾಗಳನ್ನು ಹೀಗೇ ಬಿಟ್ಟುಹೋದರು, ಅವು ದ್ವೀಪವನ್ನೇ ತುಂಬಿದವು. ಅರೂಬಾ ದ್ವೀಪದಲ್ಲೂ ಹಾಗೇ ಆಯಿತು. ಒಂದು ಹೆಣ್ಣು ಒಮ್ಮೆಗೆ 20-30 ಮರಿ ಹಾಕುತ್ತದೆ.

ಇಷ್ಟು ದೂರದ ಉದಾಹರಣೆಯೂ ನಮಗೆ ಬೇಕಿಲ್ಲ. ಬೋವಾದ ನಾಡಿನಿಂದಲೇ, ಅಮೆರಿಕ ಖಂಡದಿಂದಲೇ, 19ನೇ ಶತಮಾನದಲ್ಲಿ ಸೌದೆಗೆ ಒಳ್ಳೆಯದೆಂದು ಒಂದು ಗಿಡ ತಂದರು. ತಂದವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಇವತ್ತು ಕೆರೆಯ ಅಂಗಳ, ಹಳ್ಳದ ದಂಡೆ, ಗೋಮಾಳ ಎಲ್ಲೆಲ್ಲೂ ಅದೇ. ಕಡಿದಷ್ಟೂ ಚಿಗುರುತ್ತದೆ, ಅದರ ನೆರಳಿನಲ್ಲಿ ಬೇರೆ ಹುಲ್ಲು ಬೆಳೆಯುವುದು ಕಷ್ಟ. ಇಡೀ ಕರ್ನಾಟಕ ಅದನ್ನು ಬಳ್ಳಾರಿ ಜಾಲಿ ಎಂದು ಕರೆಯುತ್ತದೆ. ನಮ್ಮ ಊರಿನ ಹೆಸರು ಇನ್ನೊಂದು ಪರದೇಶಿ ಜೀವಿಗೆ ಅಂಟುವುದು ನನಗೆ ಬೇಡ.

ಓದುಗರಲ್ಲಿ ಒಂದು ಬೇಡಿಕೆ. ನಿಮ್ಮ ಮನೆಯಲ್ಲಾಗಲೇ ವಿದೇಶಿ ಹಾವಿದ್ದರೆ ಬಚ್ಚಿಡಬೇಡಿ, ನೋಂದಾಯಿಸಿ. ಸಾಕಲಾಗದಿದ್ದರೆ ಕಾಲುವೆಗೆ, ಗುಡ್ಡಕ್ಕೆ ಬಿಡಬೇಡಿ, ಅರಣ್ಯ ಇಲಾಖೆಗೆ ಒಪ್ಪಿಸಿ. ಹೊಲದಲ್ಲಿ ಎರಡು ತಲೆ ಹಾವು ಎದ್ದರೆ ದೊಡ್ಡಮ್ಮ ಮಾಡಿದಂತೆ ಬದುವಿನಾಚೆ ಹೋಗಲು ಬಿಡಿ. ಅದನ್ನು ಕೇಳಿಕೊಂಡು ಕಾರಿನಲ್ಲಿ ಯಾರಾದರೂ ಬಂದರೆ 1926ಕ್ಕೆ ಫೋನ್ ಮಾಡಿ, ಅದು ಅರಣ್ಯ ಇಲಾಖೆಯ ಸಹಾಯವಾಣಿ.